ವಂಶವೃಕ್ಷದಲ್ಲಿ ಬಾರದ ಹೆಸರು: ಸಲಿಂಗಿ ಸಂಗಾತಿಗಳ ವಿಚಾರದಲ್ಲಿ ಕಾನೂನು ಎಲ್ಲಿಗೆ ಬಂದು ನಿಂತಿದೆ?

ಈ ವಿಷಯದ ಸುದ್ದಿ ಓದಿ ಯಾರಿಗಾದರೂ ಗೊಂದಲವಾಗಿದ್ದರೆ ಅದು ಓದುಗರ ತಪ್ಪಲ್ಲ. 2018ರ ಸೆಪ್ಟೆಂಬರ್‌ನಲ್ಲಿ ‘ಸಲಿಂಗ ಸಂಬಂಧ ಅಪರಾಧವಲ್ಲ’ ಎಂದು ಸುಪ್ರೀಂ ಕೋರ್ಟ್ ಹೇಳಿತು. 2023ರ ಅಕ್ಟೋಬರ್ 17ರಂದು ‘ಮದುವೆ ಮೂಲಭೂತ ಹಕ್ಕಲ್ಲ’ ಎಂದು ಅದೇ ಕೋರ್ಟ್ ಹೇಳಿತು. ಮರುವರ್ಷ ಆಗಸ್ಟ್‌ನಲ್ಲಿ ಸಲಿಂಗಿ ಸಂಗಾತಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಲು ಅಡ್ಡಿಯಿಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ ಪ್ರಕಟಣೆ ಹೊರಡಿಸಿತು. 2025ರ ಜನವರಿ 9ರಂದು ಮದುವೆ ತೀರ್ಪಿನ ಮರುಪರಿಶೀಲನಾ ಅರ್ಜಿಗಳು ವಜಾ ಆದವು. ಐದು ತಿಂಗಳು ಕಳೆಯುವುದರೊಳಗೆ ಮದ್ರಾಸ್ ಹೈಕೋರ್ಟ್, ಕುಟುಂಬ ಕಟ್ಟಿಕೊಳ್ಳಲು ಮದುವೆಯೊಂದೇ ದಾರಿಯಲ್ಲ ಎಂದಿತು.

ಮಗನೋ ಮಗಳೋ ಸಲಿಂಗಿ ಎಂದು ಈಚೆಗಷ್ಟೇ ಗೊತ್ತಾಗಿರುವ ಸಾಗರದ, ತೀರ್ಥಹಳ್ಳಿಯ ಅಪ್ಪ ಅಮ್ಮ ಇದರಿಂದ ಏನೆಂದು ತಿಳಿಯಬೇಕು? ಚುಟುಕಾಗಿ ಹೇಳುವುದಾದರೆ, ಕಾನೂನು ವ್ಯಕ್ತಿಯನ್ನು ಒಪ್ಪಿದೆ, ಜೋಡಿಯನ್ನು ಒಪ್ಪಿಲ್ಲ. ಜೋಡಿಯನ್ನು ಒಪ್ಪದಿದ್ದಾಗ ಆಸ್ಪತ್ರೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಸಾವಿನ ಮನೆಯಲ್ಲಿ ಮಾತು ನಡೆಯುವುದು ಹೆತ್ತವರದ್ದು ಮತ್ತು ಒಡಹುಟ್ಟಿದವರದ್ದು. ಹಾಗಾಗಿ ಮನೆಯವರು ಒಪ್ಪುತ್ತಾರೋ ಇಲ್ಲವೋ ಎನ್ನುವುದು ಬರೀ ಭಾವನೆಯ ಪ್ರಶ್ನೆಯಾಗಿ ಉಳಿದಿಲ್ಲ. ಕಾನೂನು ಬಿಟ್ಟ ಜಾಗವನ್ನು ಅವರೇ ತುಂಬಬೇಕು, ಇಲ್ಲವೇ ಅವರೇ ಮುಚ್ಚಬಹುದು.

ಮೊದಲು ಹೆಸರಿನ ಗೊಂದಲ

ಸಲಿಂಗಿ ಬೇರೆ, ಲಿಂಗತ್ವ ಅಲ್ಪಸಂಖ್ಯಾತರು ಬೇರೆ. ಗಂಡಿನ ಮೇಲೆ ಮನಸ್ಸಿರುವ ಗಂಡಸು, ಹೆಣ್ಣಿನ ಮೇಲೆ ಮನಸ್ಸಿರುವ ಹೆಂಗಸು ಸಲಿಂಗಿಗಳು. ಹುಟ್ಟಿದಾಗ ಗುರುತಿಸಿದ ಲಿಂಗ ತಮ್ಮದಲ್ಲ ಎನ್ನುವವರು ಲಿಂಗತ್ವ ಅಲ್ಪಸಂಖ್ಯಾತರು. ಎರಡನ್ನೂ ಕಲಸಿದರೆ ಕಚೇರಿಯಲ್ಲಿ ಸುಮ್ಮನೆ ಓಡಾಟ. ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ 2021ರಿಂದ ಇರುವ ಶೇ 1ರ ಮೀಸಲಾತಿ, ಮೈತ್ರಿ ಮಾಸಾಶನ, ಜಿಲ್ಲಾಧಿಕಾರಿ ಕೊಡುವ ಗುರುತಿನ ಪ್ರಮಾಣಪತ್ರ ಇವೆಲ್ಲ ಲಿಂಗತ್ವ ಅಲ್ಪಸಂಖ್ಯಾತರಿಗೆ. ಸಲಿಂಗಿ ಮಗನಿಗೆ ಇವು ಅನ್ವಯಿಸುವುದಿಲ್ಲ, ಅವನು ಕೇಳಬೇಕಾಗಿಯೂ ಇಲ್ಲ.

ಇನ್ನು ‘ಸಲಿಂಗಕಾಮಿ’ ಎಂಬ ಪದ. ಪತ್ರಿಕೆಗಳು ಅದನ್ನೇ ಬಳಸುತ್ತ ಬಂದಿವೆ. ಆದರೆ ಬೇರೆ ಯಾರ ಸಂಸಾರವನ್ನೂ ಬರೀ ಕಾಮದ ಹೆಸರಿನಲ್ಲಿ ಕರೆಯದ ನಾವು ಇವರನ್ನು ಮಾತ್ರ ಹಾಗೆ ಕರೆಯುವುದು ಸರಿಯಲ್ಲ. ಮನೆಯಲ್ಲಿ ಮಾತಾಡುವಾಗಲಂತೂ ಆ ಪದ ಬಂದ ಕೂಡಲೇ ಅರ್ಧ ಮಾತು ಕೆಡುತ್ತದೆ.

ಕೋರ್ಟು ಹೇಳಿದ್ದೇನು, ಬಿಟ್ಟಿದ್ದೇನು

2018ರ ಸೆಪ್ಟೆಂಬರ್ 6ರ ತೀರ್ಪು ಐಪಿಸಿ 377ನೇ ಕಲಮಿನ ವ್ಯಾಪ್ತಿಯಿಂದ ವಯಸ್ಕರ ಸಮ್ಮತಿಯ ಸಂಬಂಧವನ್ನು ಹೊರಗಿಟ್ಟಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಇದರಿಂದ ಒಂದು ಅಡ್ಡಪರಿಣಾಮವೂ ಆಗಿದೆ: ಗಂಡಸಿನ ಮೇಲೆ ಗಂಡಸು ನಡೆಸುವ ಅತ್ಯಾಚಾರಕ್ಕೂ ಅನ್ವಯಿಸುತ್ತಿದ್ದುದು ಅದೇ ಕಲಮು, ಆ ರಕ್ಷಣೆಯೂ ಅದರೊಟ್ಟಿಗೆ ಹೋಯಿತು.

2023ರ ತೀರ್ಪು ಐದು ನ್ಯಾಯಮೂರ್ತಿಗಳದ್ದು. ಸಂವಿಧಾನದಲ್ಲಿ ಮದುವೆಯ ಮೂಲಭೂತ ಹಕ್ಕಿಲ್ಲ, ಸಲಿಂಗಿ ಮದುವೆಗೆ ಮಾನ್ಯತೆ ಕೊಡಬೇಕಾದ್ದು ಶಾಸಕಾಂಗ ಎಂಬುದರಲ್ಲಿ ಐವರೂ ಒಂದೇ. ಮದುವೆಯಲ್ಲದಿದ್ದರೂ ಜೊತೆಬಾಳುವಿಕೆಗೆ ಕಾನೂನಿನ ಮಾನ್ಯತೆ ಬೇಕೇ, ಜೋಡಿಯಾಗಿ ದತ್ತು ಪಡೆಯಬಹುದೇ ಎಂಬಲ್ಲಿ 3–2 ಆಯಿತು. ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ಸಂಜಯ್ ಕಿಶನ್ ಕೌಲ್ ಬೇಕು ಎಂದರು, ಉಳಿದ ಮೂವರು ಒಪ್ಪಲಿಲ್ಲ. ಆದರೆ ಸಂಪುಟ ಕಾರ್ಯದರ್ಶಿ ನೇತೃತ್ವದ ಸಮಿತಿಯೊಂದು ದಿನನಿತ್ಯದ ತೊಡಕುಗಳನ್ನು ನೋಡುತ್ತದೆ ಎಂಬ ಕೇಂದ್ರದ ಭರವಸೆ ದಾಖಲಾಯಿತು. ಆ ಸಮಿತಿ 2024ರ ಏಪ್ರಿಲ್‌ನಲ್ಲಿ ರಚನೆಯಾಯಿತು. ಜಂಟಿ ಖಾತೆ, ಒಂದೇ ಪಡಿತರ ಚೀಟಿ, ಹತ್ತಿರದ ಬಂಧುಗಳು ಇಲ್ಲದಾಗ ಸಂಗಾತಿಗೆ ಶವ ಒಪ್ಪಿಸುವುದು, ಜೈಲಿನಲ್ಲಿ ಭೇಟಿ, ಇವುಗಳ ಬಗ್ಗೆ ಆ ವರ್ಷ ಹೊರಟ ಸೂಚನೆಗಳ ಹಿನ್ನೆಲೆ ಇದು. ಅವು ಕಾಯಿದೆಗಳಲ್ಲ, ಇಲಾಖೆಯ ಸೂಚನೆಗಳು. ಕೌಂಟರಿನಲ್ಲಿ ಕೂತ ಗುಮಾಸ್ತರಿಗೆ ಗೊತ್ತಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮದುವೆಯ ಶಾಸ್ತ್ರ ಮಾಡಿಕೊಂಡರೆ? ಕುವೆಂಪು ಬೆಳೆದ ಜಿಲ್ಲೆಯಲ್ಲಿ ‘ಮಂತ್ರ ಮಾಂಗಲ್ಯ’ದ ಹಾಗೆ ಸರಳವಾಗಿ ಹಾರ ಬದಲಾಯಿಸಿಕೊಳ್ಳಬಹುದಲ್ಲ ಎಂದು ಯಾರಿಗಾದರೂ ಹೊಳೆಯಬಹುದು. ಹಾರ ಬದಲಾಯಿಸುವುದು ಅಪರಾಧವಲ್ಲ. ಉಪನೋಂದಣಾಧಿಕಾರಿ ಅದನ್ನು ಮದುವೆಯೆಂದು ನೋಂದಾಯಿಸುವುದಿಲ್ಲ, ಅಷ್ಟೇ.

ಯಾರ ವಾದ ಏನು

ಕೇಂದ್ರದ ವಾದ: ಮದುವೆ ಎಂದರೆ ಗಂಡು ಹೆಣ್ಣಿನ ನಡುವಿನ ಸಾಮಾಜಿಕ ಸಂಸ್ಥೆ, ಒಂದು ಪದ ಬದಲಾಯಿಸಿದರೆ ಜೀವನಾಂಶ, ಉತ್ತರಾಧಿಕಾರ, ದತ್ತು ಎಲ್ಲ ಕಾಯಿದೆಗಳೂ ಅಲುಗಾಡುತ್ತವೆ, ಅದು ಸಂಸತ್ತಿನ ಕೆಲಸ. ಅರ್ಜಿದಾರರ ವಾದ: ಅಪರಾಧವಲ್ಲ ಎಂದ ಮೇಲೆ ಅರ್ಧ ಪೌರತ್ವ ಕೊಟ್ಟು ನಿಲ್ಲಿಸುವ ಹಾಗಿಲ್ಲ, ಸಂಸತ್ತಿಗಾಗಿ ಕಾಯುತ್ತ ಕೂತರೆ ಆಯುಷ್ಯವೇ ಮುಗಿಯುತ್ತದೆ. ಇವೆರಡರ ಗದ್ದಲದಲ್ಲಿ ಸಮುದಾಯದೊಳಗಿನ ಮೂರನೆಯ ದನಿ ಅಡಗಿಹೋಗಿದೆ. ಹೊಡೆತ, ಬ್ಲ್ಯಾಕ್‌ಮೇಲ್, ಮನೆಯಿಂದ ಹೊರಹಾಕುವುದು ಇವುಗಳ ಮುಂದೆ ಮದುವೆಯ ನೋಂದಣಿ ಎರಡನೇ ಮಾತು ಎಂದು ಹೇಳುವವರಿದ್ದಾರೆ. ಜಿಲ್ಲಾ ಕೇಂದ್ರಗಳಿಂದ ಕೆಳಗೆ ಇಳಿದಷ್ಟೂ ಈ ಮಾತಿಗೆ ತೂಕ ಹೆಚ್ಚು.

2023ರಲ್ಲಿ ವಿಚಾರಣೆ ನಡೆಯುತ್ತಿದ್ದಾಗ ಸಲಿಂಗಿ ಮಕ್ಕಳ ತಂದೆ ತಾಯಂದಿರ ‘ಸ್ವೀಕಾರ್’ ಬಳಗದವರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ನಾವು ಹೋದ ಮೇಲೆ ಮಕ್ಕಳಿಗೆ ಯಾರು ದಿಕ್ಕು ಎಂಬುದು ಅವರ ಆತಂಕ. ನಮ್ಮ ಊರಿನ ತಾಯಂದಿರು ಕೇಳುವುದೂ ಇದನ್ನೇ.

ಮಲೆನಾಡಿನ ಮನೆಯ ಲೆಕ್ಕ

ಇಲ್ಲಿ ತೋಟಕ್ಕೊಂದು ಮನೆ. ಪಕ್ಕದ ಮನೆಗೆ ಹೋಗಲು ಸಂಕ ದಾಟಬೇಕು, ಗುಡ್ಡ ಹತ್ತಬೇಕು. ಆದರೂ ಯಾರ ಮನೆಗೆ ಯಾರ ಬೈಕು ಬಂತು ಎಂಬುದು ಸಂಜೆಯೊಳಗೆ ಸೊಸೈಟಿಯ ಕಟ್ಟೆಯ ಮೇಲೆ ಇರುತ್ತದೆ. ಏಕಾಂತವಿದೆ, ಗುಟ್ಟು ಇಲ್ಲ.

ಇದರ ಜೊತೆಗೆ ಮಲೆನಾಡಿಗೇ ವಿಶೇಷವಾದ ಸಂಗತಿ ಇನ್ನೊಂದಿದೆ. ಅಡಿಕೆ ಬೆಳೆಗಾರರ ಮನೆಗಳಲ್ಲಿ ಊರಲ್ಲೇ ಉಳಿದ ಗಂಡುಮಕ್ಕಳಿಗೆ ಹೆಣ್ಣು ಸಿಗುವುದು ಕಷ್ಟವಾಗಿ ವರ್ಷಗಳೇ ಆದವು. ಮೂವತ್ತೆಂಟು, ನಲವತ್ತು ದಾಟಿದ ಮದುವೆಯಾಗದವರು ಊರೂರಿಗೆ ಇದ್ದಾರೆ. ಸಲಿಂಗಿ ಮಗನಿಗೆ ಇದು ಒಳ್ಳೆಯ ಮರೆ. “ಎಂತ ಮಾಡೂದು ಮಾರಾಯ, ಹೆಣ್ಣೇ ಸಿಗ್ಲಿಲ್ಲ” ಎಂದರೆ ಯಾರೂ ಮುಂದೆ ಕೇಳುವುದಿಲ್ಲ. ಮನೆಯವರೂ ಕೇಳುವುದಿಲ್ಲ, ತಮ್ಮನ್ನೇ ತಾವು ಕೇಳಿಕೊಳ್ಳುವುದೂ ಇಲ್ಲ. ಮರೆಯಿಂದ ನೆಮ್ಮದಿ ಸಿಗುತ್ತದೆ, ಆದರೆ ಆ ನೆಮ್ಮದಿಯಲ್ಲಿ ಯಾವ ಕಾಗದವೂ ಆಗುವುದಿಲ್ಲ. ಇದರ ಫಲ ಮುಂದೆ ಆಸ್ತಿಯ ಹೊತ್ತಿಗೆ ಗೊತ್ತಾಗುತ್ತದೆ.

ಹೆಣ್ಣುಮಕ್ಕಳದ್ದು ಇದರ ತಲೆಕೆಳಗು. ಹೆಣ್ಣು ಕಡಿಮೆ ಎಂಬ ಕಾರಣಕ್ಕೇ ಡಿಗ್ರಿ ಮುಗಿಯುವ ಮೊದಲೇ ಜಾತಕ ಕೇಳಿಕೊಂಡು ಬರುತ್ತಾರೆ. ಮರೆಗೆ ಜಾಗವೇ ಇಲ್ಲ.

‘ಮದುವೆ ಮಾಡಿದರೆ ಸರಿಹೋಗುತ್ತದೆ’ ಎಂಬ ನಂಬಿಕೆಯಿಂದ ಕೆಡುವುದು ಒಂದಲ್ಲ, ಎರಡು ಬದುಕು. ಮುಖ್ಯ ಸಂಗತಿ ಮುಚ್ಚಿಟ್ಟು, ಮೋಸದಿಂದ ಒಪ್ಪಿಗೆ ಪಡೆದ ಮದುವೆಯನ್ನು ರದ್ದು ಮಾಡಿಸಿಕೊಳ್ಳಲು ಹಿಂದೂ ವಿವಾಹ ಕಾಯಿದೆಯ 12ನೇ ಕಲಮಿನಲ್ಲಿ ಅವಕಾಶವಿದೆ. ಮೋಸ ತಿಳಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಆ ಮನೆಗೆ ಬಂದ ಸೊಸೆ ಏನೂ ತಪ್ಪು ಮಾಡದೆ ಕೋರ್ಟು ಮೆಟ್ಟಿಲು ಹತ್ತಬೇಕಾಗುತ್ತದೆ.

ತೋಟ, ಪಹಣಿ, ಪೌತಿ ಖಾತೆ

ಹೀಗೊಂದು ಮನೆ ಇಟ್ಟುಕೊಳ್ಳಿ. ಎರಡು ಎಕರೆ ಅಡಿಕೆ ತೋಟ, ನಲವತ್ತೈದರ ಮಗ, ಹತ್ತು ವರ್ಷದಿಂದ ಅದೇ ಮನೆಯಲ್ಲಿದ್ದು ಕೊಳೆ ಔಷಧಿ ಹೊಡೆಸುವುದರಿಂದ ಹಿಡಿದು ಕೊಯ್ಲಿನವರೆಗೆ ಜೊತೆಗೆ ದುಡಿದ ಸಂಗಾತಿ. ಊರಿನ ಬಾಯಲ್ಲಿ ‘ಅವನ ಫ್ರೆಂಡು’. ಮಗ ಉಯಿಲು ಬರೆಯದೆ ತೀರಿಕೊಂಡರೆ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಹೆಂಡತಿ ಮಕ್ಕಳಿಲ್ಲದ ಆತನ ಪಾಲು ಮೊದಲು ತಾಯಿಗೆ. ತಾಯಿ ಇಲ್ಲದಿದ್ದರೆ ತಂದೆಗೆ, ಅವರೂ ಇಲ್ಲದಿದ್ದರೆ ಒಡಹುಟ್ಟಿದವರಿಗೆ. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಮರಣ ಪ್ರಮಾಣಪತ್ರದ ಜೊತೆ ನಾಡಕಚೇರಿಯಿಂದ ವಂಶವೃಕ್ಷ ಬೇಕು. ಆ ಕಾಗದದಲ್ಲಿ ತಂದೆ, ತಾಯಿ, ಅಣ್ಣ, ತಂಗಿ ಎಲ್ಲರಿಗೂ ಒಂದೊಂದು ಗೆರೆ ಇರುತ್ತದೆ. ಸಂಗಾತಿಗೆ ಗೆರೆ ಇಲ್ಲ. ಬೆಂಗಳೂರಿನಿಂದ ತಿಥಿಗೆ ಬಂದ ಅಣ್ಣ ಕೆಟ್ಟವನೇ ಆಗಿರಬೇಕಿಲ್ಲ. ಕಾಗದ ಅವನ ಕಡೆಗಿದೆ, ಅಷ್ಟೇ.

ಇದಕ್ಕಿರುವ ಮದ್ದು ಉಯಿಲು. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಬರೆದವರು ಸಹಿ ಹಾಕಬೇಕು, ಇಬ್ಬರು ಸಾಕ್ಷಿಗಳು ಸಹಿ ಮಾಡಬೇಕು. ಆಸ್ತಿ ಯಾರಿಗೆ ಹೋಗುತ್ತದೋ ಅವರನ್ನೇ ಸಾಕ್ಷಿ ಮಾಡಬಾರದು, ಮುಂದೆ ಅನುಮಾನಕ್ಕೆ ಅದೇ ಎಡೆ. ಕಡ್ಡಾಯವಲ್ಲದಿದ್ದರೂ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸುವುದೇ ಮೇಲು. ಪಿತ್ರಾರ್ಜಿತ ಒಟ್ಟು ಆಸ್ತಿಯಾದರೆ ತನ್ನ ಹಿಸ್ಸೆಯನ್ನು ಮಾತ್ರ ಬರೆಯಬಹುದು. ಹೆಚ್ಚಾಗಿ ಎಡವುವುದು ಇಲ್ಲೇ: ಹಿಸ್ಸೆ ಆಗದೆ, ಪೋಡಿ (ಅಳತೆ ಮಾಡಿ ಜಮೀನು ಬೇರ್ಪಡಿಸುವುದು) ಆಗದೆ, ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇರುವಾಗ ‘ನನ್ನ ತೋಟ’ ಎಂದು ಬರೆದರೆ ಯಾವ ತೋಟ ಎಂಬಲ್ಲೇ ತಕರಾರು ಹುಟ್ಟುತ್ತದೆ. ಮೊದಲು ಹಿಸ್ಸೆ, ಆಮೇಲೆ ಉಯಿಲು. ಗೇಣಿ ಕಾಯಿದೆಯಲ್ಲಿ ಬಂದ, ಬಗರ್‌ಹುಕುಂನಲ್ಲಿ ಮಂಜೂರಾದ ಜಮೀನಿಗೆ ಪರಭಾರೆಯ ಷರತ್ತುಗಳಿರುತ್ತವೆ. ಮಂಜೂರಾತಿ ಕಾಗದವನ್ನು ವಕೀಲರಿಗೆ ತೋರಿಸದೆ ಬರೆಯಬಾರದು. ಮುಸ್ಲಿಂ ಕುಟುಂಬಗಳಲ್ಲಿ ವಾರಸುದಾರರಲ್ಲದವರಿಗೆ ಉಯಿಲಿನ ಮೂಲಕ ಕೊಡಬಹುದಾದದ್ದು ಸಾಮಾನ್ಯವಾಗಿ ಮೂರನೇ ಒಂದು ಪಾಲು ಮಾತ್ರ.

ಬದುಕಿರುವಾಗಲೇ ದಾನಪತ್ರ ಮಾಡಿಬಿಡೋಣ ಎಂದರೆ ಖರ್ಚು ಬೇರೆ. ಕುಟುಂಬದವರಿಗೆ ಕೊಡುವ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಅಲ್ಪ, ಹೊರಗಿನವರಿಗೆ ಕೊಟ್ಟರೆ ಆಸ್ತಿಯ ಬೆಲೆಯ ಮೇಲೆ. ನಗದು ಉಡುಗೊರೆ ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ಮೀರಿದರೆ ಪಡೆದವರಿಗೆ ಆದಾಯ ತೆರಿಗೆ ಬೀಳುತ್ತದೆ. ಗಂಡ ಹೆಂಡತಿಗೆ ಆ ಮಿತಿಯಿಲ್ಲ. ಉಯಿಲಿನಿಂದ ಬಂದದ್ದಕ್ಕೆ ಈ ತೆರಿಗೆ ಇಲ್ಲ.

ನಾಮಿನಿ ಎಂದರೆ ವಾರಸುದಾರನಲ್ಲ

ಜಂಟಿ ಖಾತೆಯ ಸುದ್ದಿ ಓದಿ ಎಲ್ಲ ಮುಗಿಯಿತು ಎಂದುಕೊಂಡವರಿದ್ದಾರೆ. ನಾಮಿನಿ ದುಡ್ಡು ಪಡೆಯುತ್ತಾನೆ, ಆದರೆ ಅದರ ಒಡೆಯನಾಗುವುದಿಲ್ಲ. ವಾರಸುದಾರರು ಕೇಳಿದರೆ ಕೊಡಬೇಕು. ಷೇರುಗಳ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಮತ್ತೊಮ್ಮೆ ಹೇಳಿದ್ದು ಇದನ್ನೇ. ಜೀವವಿಮೆಯಲ್ಲಿ ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು ನಾಮಿನಿಯಾದರೆ ಹಣ ಅವರದ್ದೇ. ಸಂಗಾತಿ ಆ ಪಟ್ಟಿಯಲ್ಲಿಲ್ಲ. ಭವಿಷ್ಯನಿಧಿಯಲ್ಲಿ ಇನ್ನೂ ಬಿಗಿ: ಅವಲಂಬಿತ ತಂದೆ ತಾಯಿ ಇರುವಾಗ ಹೊರಗಿನವರ ನಾಮನಿರ್ದೇಶನ ನಿಲ್ಲುವುದೇ ಇಲ್ಲ. ಆದ್ದರಿಂದ ನಾಮಿನಿ ಎಲ್ಲೆಲ್ಲಿ ಹಾಕಿದೆಯೋ ಆ ಖಾತೆ, ಪಾಲಿಸಿಗಳ ಸಂಖ್ಯೆಯನ್ನು ಉಯಿಲಿನಲ್ಲೂ ಬರೆಯಬೇಕು.

ನಮ್ಮ ಕಡೆ ಇನ್ನೊಂದು ತೊಡಕು. 2024ರ ಸ್ಪಷ್ಟನೆ ವಾಣಿಜ್ಯ ಬ್ಯಾಂಕುಗಳಿಗೆ. ಮಲೆನಾಡಿನ ಬಹಳಷ್ಟು ದುಡ್ಡು ಇರುವುದು ಪ್ರಾಥಮಿಕ ಸಹಕಾರ ಸಂಘಗಳಲ್ಲಿ, ಅವು ರಾಜ್ಯದ ಸಹಕಾರ ಕಾಯಿದೆಯಡಿ ನಡೆಯುತ್ತವೆ. ಜಂಟಿ ಖಾತೆ ಬೇಕೆಂದರೆ ಬ್ಯಾಂಕಿಗೇ ಹೋಗುವುದು ಸಲೀಸು. ಬ್ಯಾಂಕಿನವರು ಆಗುವುದಿಲ್ಲ ಎಂದರೆ ಲಿಖಿತವಾಗಿ ದೂರು ಕೊಟ್ಟು, 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು.

ಆಸ್ಪತ್ರೆಯಲ್ಲಿ ‘ರೋಗಿಗೆ ಏನಾಗಬೇಕು?’

ರಾತ್ರಿ ಎರಡು ಗಂಟೆಗೆ ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಬಂದವರನ್ನು ಮೊದಲು ಕೇಳುವ ಪ್ರಶ್ನೆ ಇದು. ಫಾರಂನಲ್ಲಿ ‘ಸಂಬಂಧ’ ಎಂಬ ಕಾಲಂ. ‘ಸ್ನೇಹಿತ’ ಎಂದು ಬರೆದರೆ “ಮನೆಯವರನ್ನ ಕರೆಸಿ” ಎನ್ನುತ್ತಾರೆ. ಪ್ರಜ್ಞೆಯಿರುವ ವಯಸ್ಕ ರೋಗಿಯ ಸಹಿ ಸಾಕು, ಜೀವಕ್ಕೆ ಅಪಾಯವಿದ್ದರೆ ವೈದ್ಯರು ಯಾರ ಸಹಿಗೂ ಕಾಯಬೇಕಾಗಿಲ್ಲ. ತೊಂದರೆಯಾಗುವುದು ಇವೆರಡರ ನಡುವೆ: ರೋಗಿ ಮಾತಾಡುವ ಸ್ಥಿತಿಯಲ್ಲಿಲ್ಲ, ಆಪರೇಷನ್ ನಾಳೆಗೆ ಮುಂದೂಡಬಹುದು, ಒಪ್ಪಿಗೆ ಬೇಕು.

ಆರೋಗ್ಯ ಸರಿಯಿರುವಾಗಲೇ ಎರಡು ಕಾಗದ ಮಾಡಿಡಬಹುದು. ಒಂದು, 2017ರ ಮಾನಸಿಕ ಆರೋಗ್ಯ ಕಾಯಿದೆಯ 14ನೇ ಕಲಮಿನ ನಾಮನಿರ್ದೇಶಿತ ಪ್ರತಿನಿಧಿಯ ಪತ್ರ. ಬಿಳಿ ಹಾಳೆಯಲ್ಲಿ ಬರೆದು ಸಹಿಯೋ ಹೆಬ್ಬೆಟ್ಟೋ ಹಾಕಿದರೆ ಆಯಿತು, ಸಂಬಂಧಿಕರೇ ಆಗಿರಬೇಕೆಂದಿಲ್ಲ. ಆದರೆ ಅದು ಮಾನಸಿಕ ಚಿಕಿತ್ಸೆಗೆ ಮಾತ್ರ. ಇನ್ನೊಂದು, ಚೇತರಿಕೆಯ ಆಸೆಯಿಲ್ಲದ ಕೊನೆಯ ಹಂತಕ್ಕೆಂದು ಬರೆದಿಡುವ ಮುಂಗಡ ವೈದ್ಯಕೀಯ ನಿರ್ದೇಶನ. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಸರಳಗೊಳಿಸಿತು, ಕರ್ನಾಟಕ 2025ರ ಜನವರಿಯಲ್ಲಿ ಜಾರಿಯ ಆದೇಶ ಹೊರಡಿಸಿತು. ಇವೆರಡರ ಹೊರಗೆ ಉಳಿಯುವ ಸಾಮಾನ್ಯ ಚಿಕಿತ್ಸೆಗೆ ಸಂಗಾತಿಯ ಹೆಸರು ಬರೆದ ಅಧಿಕಾರ ಪತ್ರವನ್ನು ಆಸ್ಪತ್ರೆ ಒಪ್ಪಲೇಬೇಕೆಂಬ ಕಾಯಿದೆಯಿಲ್ಲ. ಆದರೆ ತಾಯಿಯೋ ಅಕ್ಕನೋ ಫೋನಿನಲ್ಲಿ “ಅವನು ನಮ್ಮನೆಯವನೇ, ಅವನು ಹೇಳಿದ ಹಾಗೆ ಮಾಡಿ” ಎಂದರೆ ಅರ್ಧ ಗಂಟೆಯಲ್ಲಿ ಕೆಲಸ ಆಗುತ್ತದೆ.

‘ಸರಿಮಾಡುವ’ ಚಿಕಿತ್ಸೆ

ಮೊದಲು ಜ್ಯೋತಿಷಿ, ಆಮೇಲೆ ದೇವರ ಪ್ರಶ್ನೆ, ಕೊನೆಗೆ ಮನೋವೈದ್ಯರು. ಮಲೆನಾಡಿನ ಎಷ್ಟೋ ಮನೆಗಳ ದಾರಿ ಇದೇ. ಪೂಜೆ ಮಾಡಿಸಿ ಸಮಾಧಾನವಾದರೆ ಅದು ಅವರವರ ನಂಬಿಕೆ. ಆದರೆ ಸಲಿಂಗಿತನವನ್ನು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಮದ್ರಾಸ್ ಹೈಕೋರ್ಟಿನ 2021ರ ಆದೇಶದ ಬಳಿಕ, ಇದನ್ನು ಬದಲಾಯಿಸುತ್ತೇನೆಂದು ಚಿಕಿತ್ಸೆ ಕೊಡುವುದು ವೃತ್ತಿದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿತು. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವ ಮೊದಲು ಫೋನಿನಲ್ಲೇ ಕೇಳಬಹುದು: ಇದನ್ನು ಬದಲಾಯಿಸಲು ಮಾತ್ರೆ ಕೊಡುತ್ತೀರಾ? ‘ನೋಡೋಣ’ ಎಂದರೂ ಅಲ್ಲಿಗೆ ಹೋಗಬೇಡಿ. ಹೀಗೆ ಮಾಡಿದವರ ಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು, ಔಷಧ ಚೀಟಿ ಎತ್ತಿಟ್ಟುಕೊಂಡಿರಬೇಕು.

ವೈದ್ಯರ ಅಗತ್ಯವೇ ಇಲ್ಲ ಎಂದಲ್ಲ. ನಿದ್ದೆ ಕೆಟ್ಟಿದ್ದರೆ, ಸಾಯುವ ಮಾತು ಬಂದರೆ ತಡಮಾಡಬಾರದು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ–ಮಾನಸ್ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೆತ್ತವರೂ ತಮಗಾಗಿ ಕರೆ ಮಾಡಬಹುದು. ಗುಟ್ಟು ಬಚ್ಚಿಟ್ಟುಕೊಂಡು ಅಡುಗೆಮನೆಯಲ್ಲಿ ಒಬ್ಬಳೇ ಅಳುವ ತಾಯಿಗೂ ಮಾತಾಡಲು ಯಾರಾದರೂ ಬೇಕು.

ಮನೆ ಬಿಟ್ಟರೆ, ಬೆದರಿಕೆ ಬಂದರೆ

ಹದಿನೆಂಟು ತುಂಬಿದ ಮಗಳು ಗೆಳತಿಯ ಜೊತೆ ಹೋದರೆ ಮನೆಯವರು ಮಾಡುವುದು ಕಾಣೆಯಾದ ದೂರು, ಕೆಲವೊಮ್ಮೆ ಒಡವೆ ಕಳವಿನ ದೂರು. ಅದಕ್ಕೇ ಅನುಭವಿ ವಕೀಲರು ಹೇಳುವುದು: ಮನೆಯ ಚಿನ್ನ ಮುಟ್ಟಬೇಡಿ, ವಯಸ್ಸಿನ ದಾಖಲೆಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಆಧಾರ್ ಜೊತೆಗಿರಲಿ, ಸ್ವಇಚ್ಛೆಯಿಂದ ಹೋಗುತ್ತಿದ್ದೇವೆಂದು ಎಸ್‌ಪಿ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ತಿಳಿಸಿ. ಇಂಥ ಪ್ರಕರಣ ಹೇಬಿಯಸ್ ಕಾರ್ಪಸ್ (ವ್ಯಕ್ತಿಯನ್ನು ಹಾಜರುಪಡಿಸಿ ಎಂಬ ಅರ್ಜಿ) ಆಗಿ ಕೋರ್ಟಿಗೆ ಹೋದಾಗ ಆ ವ್ಯಕ್ತಿಯನ್ನು ಮನೆಯವರಿಲ್ಲದೆ ಪ್ರತ್ಯೇಕವಾಗಿ ಮಾತಾಡಿಸಬೇಕು, ಮನಸ್ಸು ಬದಲಿಸುವ ‘ಕೌನ್ಸೆಲಿಂಗ್’ಗೆ ಕಳಿಸಬಾರದು ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್ 11ರಂದು ಮಾರ್ಗಸೂಚಿ ಕೊಟ್ಟಿದೆ. ಮಗಳನ್ನು ಕೂಡಿಹಾಕಿ ಹೊಡೆದರೆ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ತವರುಮನೆಗೂ ಅನ್ವಯಿಸುತ್ತದೆ. ಅದಕ್ಕೆ ಸಂರಕ್ಷಣಾಧಿಕಾರಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ). ಮಹಿಳಾ ಸಹಾಯವಾಣಿ 181. ಉಚಿತ ಕಾನೂನು ನೆರವಿಗೆ 15100.

ಗಂಡುಮಕ್ಕಳಿಗೆ ಹೆಚ್ಚಾಗಿ ಬರುವುದು ಡೇಟಿಂಗ್ ಆ್ಯಪ್ ಮೂಲಕ ಬ್ಲ್ಯಾಕ್‌ಮೇಲ್. ಒಮ್ಮೆ ದುಡ್ಡು ಕೊಟ್ಟರೆ ಮತ್ತೆ ಕೇಳುತ್ತಾರೆ. 377 ಹೋದ ಮೇಲೆ ದೂರು ಕೊಟ್ಟವನೇ ಆರೋಪಿಯಾಗುವ ಭಯವಿಲ್ಲ, ಇದು ಬರೀ ಸುಲಿಗೆಯ ಕೇಸು. ಚಾಟ್ ಅಳಿಸದೆ, ಹಣ ಕಳಿಸಿದ ಯುಪಿಐ ವಿವರ ಇಟ್ಟುಕೊಂಡು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಅಥವಾ ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ) ಠಾಣೆಗೆ ಹೋಗಬೇಕು.

ಬೆಂಬಲ ಸಿಗುವುದು ಎಲ್ಲಿ

ಜಿಲ್ಲೆಗಳಲ್ಲಿ ಸಲಿಂಗಿ ಗಂಡಸರಿಗೆ ಸರ್ಕಾರ ತೆರೆದ ಮೊದಲ ಬಾಗಿಲು ಎಚ್‌ಐವಿ ತಡೆ ಕಾರ್ಯಕ್ರಮದ್ದು. ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಪರೀಕ್ಷೆ, ಆಪ್ತಸಲಹೆ ಉಚಿತ, ಗೋಪ್ಯತೆ ಕಡ್ಡಾಯ. ಉಪಯುಕ್ತವೇ. ಆದರೆ ಬಾಗಿಲ ಮೇಲೆ ಕಾಯಿಲೆಯ ಹೆಸರಿದೆ, ಹಾಗಾಗಿ ಹಲವರು ಒಳಗೆ ಕಾಲಿಡುವುದಿಲ್ಲ. ಸಲಿಂಗಿ ಹೆಂಗಸರಿಗೆಂದು ಆ ಬಾಗಿಲೂ ಇಲ್ಲ. ‘ಗುಡ್ ಆ್ಯಸ್ ಯು’, ‘ಸಂಗಮ’, ‘ಸ್ವಭಾವ’ದಂಥ ಹಳೆಯ ಬಳಗ, ಸಂಸ್ಥೆಗಳು ಬೆಳೆದದ್ದು ಬೆಂಗಳೂರಿನಲ್ಲಿ. ಶಿವಮೊಗ್ಗದಿಂದ ಅಲ್ಲಿಗೆ ಸುಮಾರು 300 ಕಿಲೋಮೀಟರ್.

ಮುಂದೇನಾಗಬಹುದು

ಮದುವೆಯ ಬಾಗಿಲು ಕೋರ್ಟಿನಲ್ಲಿ ಸದ್ಯಕ್ಕೆ ಮುಚ್ಚಿದೆ, ಸಂಸತ್ತಿನಲ್ಲಿ ತೆರೆಯುವ ಲಕ್ಷಣವಿಲ್ಲ. ಬದಲಾವಣೆ ಬಂದರೆ ಬಿಡಿಬಿಡಿಯಾಗಿ ಬರುತ್ತದೆ, ಒಂದು ಹೈಕೋರ್ಟ್ ತೀರ್ಪು, ಒಂದು ಸುತ್ತೋಲೆ, ಹೀಗೆ. ರಾಜ್ಯ ಸರ್ಕಾರ ಯಾರ ಅಪ್ಪಣೆಗೂ ಕಾಯದೆ ಮಾಡಬಹುದಾದದ್ದೂ ಇದೆ. ಆಸ್ಪತ್ರೆ, ಆರೋಗ್ಯ ಎರಡೂ ರಾಜ್ಯದ ವಿಷಯಗಳು. ಸರ್ಕಾರಿ ಆಸ್ಪತ್ರೆಯ ದಾಖಲಾತಿ ಫಾರಂನಲ್ಲಿ ‘ಸಂಬಂಧ’ ಎಂಬ ಕಾಲಂ ಪಕ್ಕದಲ್ಲಿ ‘ರೋಗಿ ಹೆಸರಿಸಿದ ವ್ಯಕ್ತಿ’ ಎಂದು ಇನ್ನೊಂದು ಕಾಲಂ ಸೇರಿಸಲು ಕಾಯಿದೆ ತಿದ್ದುಪಡಿ ಬೇಕಿಲ್ಲ. ಅದು ಸಲಿಂಗಿಗಳಿಗಷ್ಟೇ ಅಲ್ಲ, ಮಕ್ಕಳೆಲ್ಲ ಹೊರದೇಶದಲ್ಲಿದ್ದು ತೋಟದ ಮನೆಯಲ್ಲಿ ಇಬ್ಬರೇ ಉಳಿದಿರುವ ಅಜ್ಜ ಅಜ್ಜಿಗೂ ಬೇಕಾದ ಕಾಲಂ. ಅಂಥವರನ್ನು ರಾತ್ರಿ ಆಸ್ಪತ್ರೆಗೆ ಕರೆತರುವುದು ಪಕ್ಕದ ತೋಟದವರು. ಅವರನ್ನೂ ಮೊದಲು ಕೇಳುವುದು ‘ರೋಗಿಗೆ ಏನಾಗಬೇಕು’ ಎಂದೇ.